ಫಾರ್ಮ್ಯಾಟ್ ಮಾಡುವ ಮೊದಲು ಕೇಳುವ ಅಂಗಡಿ

ಉಡುಪಿಯ ಈ ಕಂಪ್ಯೂಟರ್ ರಿಪೇರಿ ಅಂಗಡಿಗೆ ಐದು ಸ್ಟಾರ್ ಕೊಟ್ಟಿದ್ದೇನೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೇನೆ, ಕಂಪ್ಯೂಟರ್ ಕೈಕೊಟ್ಟು ತಲೆಬಿಸಿಯಲ್ಲಿ ಇಲ್ಲಿ ಬಂದು ಓದುವವರು ಯಾರಾದ್ರೂ ಇದ್ರೆ ಅವರಿಗೆ ಉಪಕಾರ ಆಗ್ತದೆ.

ನಂದು ಕಟಪಾಡಿ ಹತ್ರ ಸಣ್ಣ ಡಿಟಿಪಿ ಅಂಗಡಿ, ಒಟ್ಟಿಗೆ ಝೆರಾಕ್ಸ್. ಮದುವೆ ಕಾಗದ, ಗೃಹಪ್ರವೇಶ, ಉತ್ತರಕ್ರಿಯೆ ಕಾರ್ಡ್, ನೇಮದ ಆಮಂತ್ರಣ, ಬ್ರಹ್ಮಕಲಶದ ಪುಸ್ತಕ, ಸಂಘದ ವಾರ್ಷಿಕ ವರದಿ, ಹದಿನಾಲ್ಕು ವರ್ಷ ಮಾಡಿದ ಕೆಲಸ ಎಲ್ಲ ಒಂದೇ ಡೆಸ್ಕ್‌ಟಾಪಲ್ಲಿ ಇದ್ದದ್ದು. ಒಂದು ಮನೆಯ ದೊಡ್ಡ ಮಗಳ ಮದುವೆ ಕಾಗದ ನಾನೇ ಮಾಡಿದ್ದು, ಈಗ ಸಣ್ಣವಳದ್ದು ಮಾಡ್ಲಿಕ್ಕೆ ಬಂದು "ಅದೇ ಥರ ಮಾಡಿ ಅಕ್ಕ, ಹೆಸರು ಮಾತ್ರ ಬದ್ಲಿಸಿ" ಅಂತ ಹೇಳ್ತಾರೆ. ನಮ್ಮ ಕೆಲಸದಲ್ಲಿ ಹಳೆ ಫೈಲೇ ಬಂಡವಾಳ, ಮೆಷಿನ್ ಅಲ್ಲ.

ಆದದ್ದು ಎಂತ ಅಂದ್ರೆ, ಒಂದು ದೇವಸ್ಥಾನದ ಆಮಂತ್ರಣದ ಕೆಲಸ ನಡೀತಾ ಇತ್ತು, ದಾನಿಗಳ ಹೆಸರೇ ಆರು ಪುಟ, ಮಧ್ಯಾಹ್ನ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು, ಮೆಷಿನ್ ಪಟ್ ಅಂತ ಆಫ್. ಕರೆಂಟ್ ಬಂದ ಮೇಲೆ ಆನ್ ಮಾಡಿದ್ರೆ "ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್" ಅಂತ ಬರ್ತದೆ, ಸ್ವಲ್ಪ ತಿರುಗ್ತದೆ, ನೀಲಿ ಸ್ಕ್ರೀನ್, ಪುನಃ ಆನ್, ಪುನಃ ಅದೇ. ನಾಲ್ಕು ಸಲ ನೋಡಿದೆ. ಒಳಗಿಂದ ಟಿಕ್ ಟಿಕ್ ಅಂತ ಒಂದು ಶಬ್ದ ಬೇರೆ. ಆ ಶಬ್ದ ಎರಡು ತಿಂಗಳಿಂದ ಆಗಾಗ ಬರ್ತಿತ್ತು, ಫೈಲ್ ಓಪನ್ ಆಗ್ಲಿಕ್ಕೆ ತಡ ಆಗ್ತಿತ್ತು, ನಾನು ಹಳೆ ಮೆಷಿನ್ ಅಲ್ವಾ ಅಂತ ಗಮನ ಕೊಡ್ಲಿಲ್ಲ.

ಪಕ್ಕದ ಅಂಗಡಿಯವರು, ಮೈದುನನ ಮಗ, ಪೇಪರ್ ಸಪ್ಲೈ ಮಾಡುವವರು, ಎಲ್ಲರೂ ಹೇಳಿದ್ದು ಒಂದೇ ಮಾತು, ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೆಸಿ, ಒಂದು ಗಂಟೆ ಕೆಲಸ. ಫಾರ್ಮ್ಯಾಟ್ ಅನ್ನುವ ಮಾತು ಕೇಳಿದ್ರೇ ನನಗೆ ಹೆದರಿಕೆ. 2019ರಲ್ಲಿ ಒಂದು ಕಡೆ (ಈ ಊರಲ್ಲಿ ಅಲ್ಲ, ಹೆಸರು ಬೇಡ) ಇದೇ ಥರ ಕೊಟ್ಟಿದ್ದೆ, ಸಂಜೆ ಹೋಗುವಾಗ ಮೆಷಿನ್ ಹೊಸದರ ಹಾಗೆ ಓಡ್ತಿತ್ತು, ನನ್ನ ಡೆಸ್ಕ್‌ಟಾಪ್ ಮೇಲೆ ಇದ್ದ ಫೋಲ್ಡರ್ ಒಂದೂ ಇರ್ಲಿಲ್ಲ. "ಡಿ ಡ್ರೈವ್ ಮುಟ್ಲಿಲ್ಲ ಮೇಡಂ" ಅಂತ ಹೇಳಿದ್ರು. ಡೆಸ್ಕ್‌ಟಾಪ್ ಅಂತ ನಾವು ನೋಡುದು, ಡಾಕ್ಯುಮೆಂಟ್ಸು, ಡೌನ್‌ಲೋಡ್ಸು, ಅದೆಲ್ಲ ಇರುದೇ ಸಿ ಡ್ರೈವ್ ಒಳಗೆ ಯೂಸರ್ಸ್ ಫೋಲ್ಡರಲ್ಲಿ ಅಂತ ನನಗೆ ಆವತ್ತು ಗೊತ್ತಿರ್ಲಿಲ್ಲ, ಅವರು ಕೇಳ್ಲೂ ಇಲ್ಲ. ಕ್ವಿಕ್ ಫಾರ್ಮ್ಯಾಟ್ ಮಾತ್ರ ಆಗಿದ್ರೆ ಹಾರ್ಡ್‌ಡಿಸ್ಕಲ್ಲಿ ಹಳೇದು ತಕ್ಷಣ ಅಳಿಸಿ ಹೋಗುದಿಲ್ಲ, ಯಾವ ಫೈಲ್ ಎಲ್ಲಿ ಉಂಟು ಅನ್ನುವ ಲೆಕ್ಕದ ಪಟ್ಟಿ ಮಾತ್ರ ಹೋಗುದು, ಹುಡುಕಿ ತೆಗೀಲಿಕ್ಕೆ ಆಗ್ತದೆ. ಆದ್ರೆ ಅದರ ಮೇಲೆ ಹೊಸ ವಿಂಡೋಸು, ಡ್ರೈವರು, ಆಫೀಸು ಎಲ್ಲ ಕೂರಿಸಿದ್ರೆ ಹಳೆ ಫೈಲ್ ಇದ್ದ ಜಾಗದಲ್ಲೇ ಹೊಸತು ಬಂದು ಕೂತಿರ್ತದೆ. ಎರಡು ವರ್ಷದ ಕೆಲಸ ಹೋಯ್ತು. ಗಿರಾಕಿಗಳ ಹತ್ರ ಹಳೆ ಕಾರ್ಡ್ ಕೇಳಿ ತಂದು ಪುನಃ ಟೈಪ್ ಮಾಡಿದ್ದು ನಾನು.

ಹಾಗಾಗಿ ಈ ಸಲ ಆಫ್ ಮಾಡಿ ಇಟ್ಟೆ, ಪ್ರೆಸ್ಸಿನವರೊಬ್ಬರು ಹೇಳಿದ್ರು ಅಂತ ಮರುದಿನ ಬೆಳಿಗ್ಗೆ ಸಿಪಿಯು ರಿಕ್ಷಾದಲ್ಲಿ ಇಟ್ಕೊಂಡು ಉದ್ಯಾವರ ದಾಟಿ ಉಡುಪಿಗೆ ಬಂದೆ. ಸರ್ವಿಸ್ ಬಸ್‌ಸ್ಟ್ಯಾಂಡಿಂದ ನಡ್ಕೊಂಡು ಹೋಗುವಷ್ಟೇ ದೂರ, ಮೇಲಿನ ಮಾಳಿಗೆ, ಮೆಟ್ಟಿಲು ಇಕ್ಕಟ್ಟು. ಅಂಗಡಿ ಅಂದ್ರೆ ಒಂದು ಕೋಣೆ, ಇಬ್ಬರು ಇರುದು, ಅಣ್ಣ ಒಬ್ಬರು ಮತ್ತೆ ಕೆಲಸಕ್ಕೆ ಒಂದು ಹುಡುಗಿ, ಅವಳೂ ಒಳ್ಳೆ ಹುಷಾರು.

ಅಣ್ಣ ಮೊದಲು ಕೇಳಿದ್ದು "ದಾದ ಆಂಡ್ ಅಕ್ಕ?" ಅಂತ. ನಾನು ಎಂತ ಆಯ್ತು ಅಂತ ಎಲ್ಲ ಹೇಳಿದೆ. ಎರಡನೇದಾಗಿ ಕೇಳಿದ್ದು, "ಒಳಗೆ ಎಂತ ಉಂಟು? ಯಾವುದು ಹೋದ್ರೆ ನಿಮಗೆ ಆಗ್ಲಿಕ್ಕಿಲ್ಲ?" ಈ ಪ್ರಶ್ನೆ ಇಷ್ಟು ವರ್ಷದಲ್ಲಿ ರಿಪೇರಿಯವರು ಯಾರೂ ನನ್ನತ್ರ ಕೇಳಿದವರಲ್ಲ. ಅವರು ಒಂದು ಚೀಟಿಯಲ್ಲಿ ಬರ್ಕೊಂಡ್ರು, ಪೇಜ್‌ಮೇಕರ್ ಫೈಲು, ಕೋರೆಲ್ ಫೈಲು, ಟ್ಯಾಲಿ, ಮೇಲ್ ವೆಬ್ಬಲ್ಲೇ ನೋಡುದಾ ಔಟ್‌ಲುಕ್ಕಲ್ಲಾ, ಕನ್ನಡಕ್ಕೆ ಯಾವ ಫಾಂಟು. ಫಾಂಟು ಯಾಕೆ ಕೇಳಿದ್ರು ಅಂತ ಆಮೇಲೆ ಹೇಳ್ತೇನೆ. ಮೂರನೇದು, "ಕರೆಂಟ್ ಹೋಗಿ ಬಂದ ಮೇಲೆ ಆ ಟಿಕ್ ಟಿಕ್ ಕೇಳ್ತಾ ಎಷ್ಟು ಸಲ ಆನ್ ಮಾಡಿದ್ರಿ?" ನಾಲ್ಕು ಸಲ ಅಂದೆ. ಬೈಲಿಲ್ಲ. ಆದ್ರೆ ಇನ್ನು ಯಾವತ್ತೂ ಆ ಶಬ್ದ ಬಂದ್ರೆ ವಯರ್ ತೆಗೀರಿ, ಪುನಃ ಆನ್ ಮಾಡಿ ನೋಡ್ಬೇಡಿ ಅಂತ ಹೇಳಿದ್ರು.

ಮೆಷಿನ್ ಆನ್ ಮಾಡ್ಲೇ ಇಲ್ಲ ಅವರು. ಸ್ಕ್ರೂ ತೆಗ್ದು ಹಾರ್ಡ್‌ಡಿಸ್ಕ್ ಹೊರಗೆ ತೆಗ್ದು ಅವರ ಸ್ವಂತ ಕಂಪ್ಯೂಟರಿಗೆ ಸಿಕ್ಕಿಸಿದ್ರು. ಅದರಲ್ಲಿ ಓಡುದು ವಿಂಡೋಸ್ ಅಲ್ಲ, ಲಿನಕ್ಸ್. ವಿಂಡೋಸಿಗೆ ಸಿಕ್ಕಿಸಿದ್ರೆ ಅದು ತನ್ನಷ್ಟಕ್ಕೇ ಡಿಸ್ಕಿಗೆ ಬರೀಲಿಕ್ಕೆ, ಸರಿ ಮಾಡ್ಲಿಕ್ಕೆ ಹೊರಡ್ತದಂತೆ, ನಮಗೆ ಈಗ ಓದ್ಲಿಕ್ಕೆ ಮಾತ್ರ ಬೇಕಾದ್ದು. ಡಿಸ್ಕಿನ ಆರೋಗ್ಯದ ಲೆಕ್ಕ, ಸ್ಮಾರ್ಟ್ ಅಂತ ಹೇಳ್ತಾರೆ, ಅದನ್ನ ತೆಗ್ದು ನನಗೆ ತೋರಿಸಿದ್ರು. ಹಾಳಾದ ಜಾಗ ಬಿಟ್ಟು ಬದಲಿ ಜಾಗ ಉಪಯೋಗಿಸಿದ್ದು ಎಷ್ಟು, ಓದ್ಲಿಕ್ಕೆ ಆಗದೆ ಬಾಕಿ ಇಟ್ಟದ್ದು ಎಷ್ಟು ಅಂತ ಎರಡು ಸಾಲು, ಅದು ಎರಡೂ ಸೊನ್ನೆ ಇರ್ಬೇಕಂತೆ, ನಂದರಲ್ಲಿ ಎರಡೂ ನೂರರ ಮೇಲೆ. ಇದನ್ನ ನಾವೇ ಮನೇಲಿ ನೋಡ್ಬಹುದು, ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಂತ ಫ್ರೀ ಸಾಫ್ಟ್‌ವೇರ್ ಉಂಟು, ನೀಲಿ ಇದ್ರೆ ತೊಂದರೆ ಇಲ್ಲ, ಹಳದಿ ಆದ್ರೆ ಆವತ್ತೇ ಬೇರೆ ಕಡೆ ಕಾಪಿ ಮಾಡಿ ಇಡ್ಬೇಕು. ಎರಡು ತಿಂಗಳ ಹಿಂದೆ ಒಂದು ಸಲ ನೋಡಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ.

ನಾನು ಕೇಳಿದೆ, ಚೆಕ್‌ಡಿಸ್ಕ್ (ಡಿಸ್ಕ್ ತಪಾಸಣೆಗೆ ವಿಂಡೋಸಲ್ಲೇ ಇರುವ ಕಮಾಂಡ್) ಹಾಕಿದ್ರೆ ಸರಿ ಆಗುದಿಲ್ವಾ ಅಂತ, ಯುಟ್ಯೂಬಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ. ಅದಕ್ಕೆ ಅಣ್ಣ ಹೇಳಿದ್ದು ನಾನು ಎಲ್ಲೂ ಕೇಳಿರ್ಲಿಲ್ಲ. ಡಿಸ್ಕ್ ಗಟ್ಟಿ ಇದ್ದು ಕರೆಂಟ್ ಹೋಗಿ ಲೆಕ್ಕ ಮಾತ್ರ ತಪ್ಪಿದ್ರೆ ಚೆಕ್‌ಡಿಸ್ಕ್ ಒಳ್ಳೇದೇ. ಡಿಸ್ಕೇ ಸಾಯ್ಲಿಕ್ಕೆ ಹೊರಟಿದ್ರೆ ಅದು ಇಡೀ ಡಿಸ್ಕನ್ನು ಮೂಲೆ ಮೂಲೆ ಓದಿಸ್ತದೆ, ಇದ್ದ ಜೀವವೂ ಹೋಗ್ತದೆ. ಮತ್ತೆ ಅದಕ್ಕೆ ಬೇಕಾದ್ದು ಲೆಕ್ಕ ಸರಿ ಹೊಂದುದು, ನಮ್ಮ ಫೈಲ್ ಉಳಿಯುದು ಅಲ್ಲ, ಹೊಂದದೆ ಇದ್ದ ತುಂಡನ್ನು ಹೆಸರು ಬದ್ಲಿಸಿ ಫೌಂಡ್ ಅಂತ ಒಂದು ಫೋಲ್ಡರಿಗೆ ಹಾಕಿ ಬಿಡ್ತದೆ, ಆಮೇಲೆ ಯಾವುದು ಯಾರ ಮದುವೆ ಅಂತ ಹುಡುಕುದು ಹೇಗೆ? ಎಸ್‌ಎಫ್‌ಸಿ ಸ್ಕ್ಯಾನ್‌ನೌ ಅಂತ ಇನ್ನೊಂದು ಹೇಳ್ತಾರಲ್ಲ, ಅದು ವಿಂಡೋಸಿನ ಸ್ವಂತ ಫೈಲ್ ಮಾತ್ರ ಸರಿ ಮಾಡುದು, ನಮ್ಮ ಫೈಲಿಗೂ ಅದಕ್ಕೂ ಸಂಬಂಧ ಇಲ್ಲ. ಮೊದಲು ನಕಲು, ಆಮೇಲೆ ರಿಪೇರಿ, ಅದೂ ನಕಲಿನ ಮೇಲೆ. ಅವರು ಹೇಳಿದ ಕ್ರಮ ಇಷ್ಟೇ.

ನಕಲು ಮಾಡುದು ಡಿಡಿರೆಸ್ಕ್ಯೂ ಅಂತ ಒಂದು ಸಾಫ್ಟ್‌ವೇರಲ್ಲಿ. ಕಪ್ಪು ಸ್ಕ್ರೀನಲ್ಲಿ ಬರೀ ಅಂಕೆ ಓಡುದು, ಬಣ್ಣ ಚಿತ್ರ ಎಂತ ಇಲ್ಲ. ನಾನು ಅರ್ಧ ಗಂಟೆ ಅದರ ಎದುರೇ ಕೂತಿದ್ದೆ. ಸುಲಭಕ್ಕೆ ಓದ್ಲಿಕ್ಕೆ ಆಗುವ ಜಾಗ ಎಲ್ಲ ಮೊದಲು ಬೇಗ ಬೇಗ ಎತ್ಕೊಳ್ತದೆ, ಕಷ್ಟದ ಜಾಗ ಸಿಕ್ಕಿದ್ರೆ ಅಲ್ಲೇ ನಿಂತು ಗುದ್ದಾಡುದಿಲ್ಲ, ಗುರ್ತು ಹಾಕಿ ಮುಂದೆ ಹೋಗ್ತದೆ, ಎಲ್ಲ ಮುಗ್ದ ಮೇಲೆ ಆ ಗುರ್ತು ಹಾಕಿದ ಕಡೆ ಪುನಃ ಬಂದು ಸಣ್ಣ ಸಣ್ಣ ತುಂಡು ಮಾಡಿ ಓದ್ಲಿಕ್ಕೆ ನೋಡ್ತದೆ. ಮಧ್ಯದಲ್ಲಿ ಕರೆಂಟ್ ಹೋದ್ರೂ ಎಲ್ಲಿ ಬಿಟ್ಟದ್ದು ಅಂತ ಬರ್ದಿಟ್ಟಿರ್ತದೆ, ಅಲ್ಲಿಂದಲೇ ಶುರು. ನಮ್ಮ ಅಮ್ಮ ಮರುವಾಯಿ (ಚಿಪ್ಪಿನ ಮೀನು) ತಿನ್ನುವಾಗ ಬಾಯಿ ತೆರೆದದ್ದನ್ನೆಲ್ಲ ಮೊದಲು ಮುಗಿಸಿ, ಗಟ್ಟಿ ಮುಚ್ಚಿದ್ದನ್ನು ಒಂದು ಬದಿಗೆ ಇಟ್ಟು ಕೊನೆಗೆ ನೋಡ್ತಿದ್ರು, ಸರಿ ಹಾಗೇ. ಮೊದಲ ಸುತ್ತಲ್ಲಿ ಸ್ಪೀಡ್ ಒಳ್ಳೇದಿತ್ತು, ಒಮ್ಮೆಲೇ ಸೊನ್ನೆಗೆ ಬಂದು ಡಿಸ್ಕಿಂದ ಆ ಟಿಕ್ ಟಿಕ್, ನನ್ನ ಹೊಟ್ಟೆಯಲ್ಲಿ ಎಂತದೋ ಆಯ್ತು, ಆಮೇಲೆ ಪುನಃ ಅಂಕೆ ಓಡ್ಲಿಕ್ಕೆ ಶುರು. ಆ ಹುಡುಗಿ ಒಂದು ಸಣ್ಣ ಫ್ಯಾನ್ ತಂದು ಡಿಸ್ಕಿನ ಹತ್ರ ಇಟ್ಳು, ಬಿಸಿ ಆಗ್ಬಾರ್ದು ಅಂತ. ಮನೆಗೆ ಹೋಗಿ ಅಕ್ಕ, ಇದು ನಾಳೆವರೆಗೆ ಉಂಟು ಅಂತ ಹೇಳಿದ್ಲು.

ಮೂರು ದಿನ ಹಿಡೀತು. 500 ಜಿಬಿ ಡಿಸ್ಕಲ್ಲಿ ಕೊನೆಗೆ ಓದ್ಲಿಕ್ಕೆ ಆಗದೆ ಉಳಿದದ್ದು 38 ಎಂಬಿ. ತೆರೆಯದೆ ಹೋದದ್ದು ಮೂರೇ ಫೈಲು, ಅದರಲ್ಲಿ ಒಂದು ಭಜನಾ ಮಂಡಳಿಯ ಹಳೆ ಕಾರ್ಡು, ಅದರ ಪ್ರೂಫು ನನ್ನ ಇಮೇಲಿನ ಸೆಂಟ್ ಫೋಲ್ಡರಲ್ಲಿ ಇತ್ತು. ದೇವಸ್ಥಾನದ ಆಮಂತ್ರಣ ಸಿಕ್ಕಿತು, ಆರು ಪುಟ ದಾನಿಗಳ ಹೆಸರು ಸಮೇತ, ಕೊನೆ ಸೇವ್ ಮಾಡಿದ್ದರ ನಂತರದ ಒಂದು ಪುಟ ಮಾತ್ರ ಪುನಃ ಟೈಪ್ ಮಾಡಿದೆ.

ಈಗ ಫಾಂಟಿನ ವಿಷಯ. ಇದಕ್ಕೆ ಈ ಅಂಗಡಿಗೆ ನಾನು ಕೈಮುಗೀತೇನೆ. ಹೊಸ ವಿಂಡೋಸ್ ಹಾಕಿದ ಮೇಲೆ ನುಡಿ, ಬರಹ ಅನ್ನುವ ಕನ್ನಡ ಸಾಫ್ಟ್‌ವೇರಲ್ಲಿ ಮಾಡಿದ ಹಳೆ ಫೈಲ್ ತೆರೆದ್ರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರದ ತಲೆ ಮೇಲೆ ಗೀಟು, ಚುಕ್ಕೆ, ಕೊಕ್ಕೆ ಎಲ್ಲ ಬರ್ತದಲ್ಲ, ತುಂಬ ಜನ ಅದನ್ನು ನೋಡಿ ಫೈಲ್ ಹಾಳಾಗಿದೆ, ವೈರಸ್ ಬಂದಿದೆ ಅಂತ ಡಿಲೀಟ್ ಮಾಡ್ತಾರೆ. ಫೈಲಿಗೆ ಎಂತದೂ ಆಗಿರುದಿಲ್ಲ. ಆ ಕಾಲದ ಫಾಂಟಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರ್ತಾರೆ, ಫೈಲ್ ಒಳಗೆ ಇರುದು ಇಂಗ್ಲಿಷ್ ಅಕ್ಷರದ ಸಂಕೇತದ ನಂಬರೇ, ಫಾಂಟ್ ಇದ್ರೆ ನಮಗೆ ಕನ್ನಡ ಕಾಣ್ತದೆ, ಇಲ್ಲದಿದ್ರೆ ಆ ಗೀಟು ಕೊಕ್ಕೆ. ಫಾಂಟ್ ಇರುದು ಎಲ್ಲಿ? ಸಿ ಡ್ರೈವಲ್ಲಿ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಲ್ಲಿ. ಫಾರ್ಮ್ಯಾಟ್ ಮಾಡಿದ್ರೆ ಮೊದಲು ಹೋಗುದೇ ಅದು. ಅಣ್ಣ ನಕಲಿಂದ ಮೊದಲು ಎತ್ತಿದ್ದು ಆ ಫಾಂಟ್ಸ್ ಫೋಲ್ಡರನ್ನೇ, ಹೊಸ ವಿಂಡೋಸ್ ಹಾಕಿದ ಕೂಡ್ಲೇ ಅದರಲ್ಲಿದ್ದ ನನ್ನ ಕನ್ನಡ ಫಾಂಟ್ ಎಲ್ಲ ಹಾಕಿ, ನನ್ನ ಎದುರೇ 2013ರ ಒಂದು ಉಪನಯನದ ಕಾಗದ ತೆರೆದ್ರು. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಅದರದರ ಜಾಗದಲ್ಲೇ ಉಂಟು. ನನಗೆ ಕಣ್ಣಲ್ಲಿ ನೀರು ಬಂತು, ನಿಜ ಹೇಳ್ತೇನೆ.

ಯುನಿಕೋಡಲ್ಲಿ (ಕನ್ನಡ ಅಕ್ಷರಕ್ಕೇ ಬೇರೆ ನಂಬರ್ ಇರುವ ಕ್ರಮ) ಟೈಪ್ ಮಾಡಿದ್ರೆ ಈ ತಾಪತ್ರಯ ಇಲ್ಲ, ನಿರ್ಮಲಾ ಅಂತ ಈಗಿನ ವಿಂಡೋಸಿನ ಒಟ್ಟಿಗೇ ಬರುವ ಫಾಂಟಲ್ಲಿ ಅಂಥ ಯಾವ ಮೆಷಿನಲ್ಲೂ ಕಾಣ್ತದೆ. ಆದ್ರೆ ನಾವು ಪುಟ ಜೋಡಿಸುವ ಪೇಜ್‌ಮೇಕರಿಗೆ ಯುನಿಕೋಡ್ ಆಗುದಿಲ್ಲ, ಅದೇ ನಮ್ಮ ಡಿಟಿಪಿಯವರ ಕಷ್ಟ. ಮುಂದೆ ಬೇಕಾದೀತು ಅಂತ ಅನಿಸುವ ಪಠ್ಯವನ್ನಾದ್ರೂ ನುಡಿಯಲ್ಲೇ ಇರುವ ಕನ್ವರ್ಟರಲ್ಲಿ ಬದ್ಲಿಸಿ ಒಂದು ಪ್ರತಿ ಇಡಿ ಅಂದ್ರು, ಮತ್ತೆ ಪ್ರತಿ ಕಾರ್ಡಿಗೂ ಫಾಂಟ್ ಸೇರಿಸಿದ ಪಿಡಿಎಫ್ ಒಂದು ಇಡಿ ಅಂದ್ರು. ಎರಡೂ ಶುರು ಮಾಡಿದ್ದೇನೆ.

ಮೂರು ದಿನದಲ್ಲಿ ಎರಡು ಸಲ ಹೋಗಿ ಕೂತದ್ದಕ್ಕೆ ಬೇರೆಯವರ ಕೇಸೂ ನೋಡ್ಲಿಕ್ಕೆ ಸಿಕ್ಕಿತು. ಒಬ್ಬ ವಿಡಿಯೋ ಹುಡುಗ ಬಂದಿದ್ದ, 32 ಜಿಬಿ ಪೆನ್‌ಡ್ರೈವ್ ಇಡೀ ಖಾಲಿ ಉಂಟು, 6 ಜಿಬಿ ಮದುವೆ ವಿಡಿಯೋ ಹಾಕ್ಲಿಕ್ಕೆ ಹೋದ್ರೆ ಫೈಲ್ ದೊಡ್ಡದಾಯ್ತು ಅಂತ ಹೇಳ್ತದೆ. ಫ್ಯಾಟ್32 ಅಂತ ಹಳೆ ಕ್ರಮದಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಲ್ಲಿ ಒಂದು ಫೈಲ್ 4 ಜಿಬಿ ಮೇಲೆ ಹೋಗ್ಲಿಕ್ಕೆ ಇಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಟ್ರು, ಎರಡು ನಿಮಿಷ, ದುಡ್ಡು ತಗೊಳ್ಲಿಲ್ಲ. ಅದಕ್ಕೂ ಮೊದಲು "ಇದರಲ್ಲಿ ಎಂತಾದ್ರೂ ಉಂಟಾ" ಅಂತ ಅವನತ್ರವೂ ಕೇಳಿದ್ರು!

ರಿಟೈರ್ಡ್ ಮಾಸ್ಟ್ರು ಒಬ್ಬರದ್ದು ಡೆಸ್ಕ್‌ಟಾಪ್ ಮೇಲಿದ್ದ ಫೋಟೋ ಎಲ್ಲ ಒಂದು ದಿನ ಬೆಳಿಗ್ಗೆ ನೋಡುವಾಗ ಮಾಯ. ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹ) ಬ್ಯಾಕಪ್ ಬೇಕಾ ಅಂತ ಕೇಳಿದಾಗ ಹೌದು ಅಂತ ಒತ್ತಿದ್ದಾರೆ, ಅದು ಡೆಸ್ಕ್‌ಟಾಪ್ ಫೋಲ್ಡರನ್ನೇ ತನ್ನ ಒಳಗೆ ತಗೊಂಡು ಹೋಗಿದೆ, ಆಮೇಲೆ ಯಾರೋ ಬಂದು ಅದನ್ನು ಆಫ್ ಮಾಡಿದ್ದಾರೆ, ಫೈಲ್ ಮಾತ್ರ ಒನ್‌ಡ್ರೈವ್ ಫೋಲ್ಡರ್ ಒಳಗಿನ ಡೆಸ್ಕ್‌ಟಾಪಲ್ಲೇ ಕೂತಿದೆ. ಮಾಸ್ಟ್ರು ಆ ಫೋಟೋ ನೋಡಿ ಹತ್ತು ನಿಮಿಷ ಮಾತಾಡ್ಲೇ ಇಲ್ಲ. ಇನ್ನು ಪೆನ್‌ಡ್ರೈವಲ್ಲಿ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗುವ ವೈರಸ್, ಅದು ನಮ್ಮ ಝೆರಾಕ್ಸ್ ಅಂಗಡಿಗಳಿಂದಲೇ ಊರಿಗೆ ಹಬ್ಬುದು ಅಂತ ನನಗೆ ಬೇಸರ ಉಂಟು. ಅದರಲ್ಲಿ ಫೈಲ್ ಹೋಗಿರುದಿಲ್ಲ, ಅಡಗಿಸಿ ಇಟ್ಟಿರ್ತದೆ, ಆ ಶಾರ್ಟ್‌ಕಟ್ ಒತ್ಲಿಕ್ಕೆ ಮಾತ್ರ ಹೋಗ್ಬೇಡಿ, ಒಳ್ಳೆ ಆಂಟಿವೈರಸಲ್ಲಿ ಸ್ಕ್ಯಾನ್ ಮಾಡಿ ಆಮೇಲೆ ಅಟ್ರಿಬ್ ಅಂತ ಒಂದು ಕಮಾಂಡ್ ಹಾಕಿದ್ರೆ ಎಲ್ಲ ಎದುರು ಬರ್ತದೆ. ಪೆನ್‌ಡ್ರೈವಲ್ಲಿ ಡಿಲೀಟ್ ಮಾಡಿದ್ದು ರಿಸೈಕಲ್ ಬಿನ್ನಿಗೆ ಬರುದಿಲ್ಲ, ಅದು ಕೂಡ ನೆನಪಿರ್ಲಿ.

ನನ್ನ ಮೆಷಿನ್ ಹಳೇದು, ನಾಲ್ಕನೇ ಜನರೇಷನ್ ಐ3. ವಿಂಡೋಸ್ 11ಕ್ಕೆ ಎಂಟನೇ ಜನರೇಷನ್ ಮತ್ತೆ ಟಿಪಿಎಂ 2.0 ಅಂತ ಸುರಕ್ಷತೆಯ ಚಿಪ್ ಬೇಕು, ಇದಕ್ಕೆ ಆಗುದಿಲ್ಲ, ವಿಂಡೋಸ್ 10ಕ್ಕೆ 2025 ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿದೆ. ಬೇರೆ ಯಾರಾದ್ರೂ ಆಗಿದ್ರೆ ಹೊಸ ಮೆಷಿನ್ ತಗೊಳ್ಳಿ ಅಂತ ಕೊಟೇಶನ್ ಕೊಡ್ತಿದ್ರು. ಇವರು ಹೇಳಿದ್ದು, ಡಿಟಿಪಿಗೆ ಇದೇ ಸಾಕು, ಹಾರ್ಡ್‌ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಡಿಸ್ಕ್) ಹಾಕುವ, ಎಕ್ಸ್‌ಟೆಂಡೆಡ್ ಅಪ್‌ಡೇಟ್‌ಗೆ (ಸಪೋರ್ಟ್ ನಿಂತ ಮೇಲೂ ಸ್ವಲ್ಪ ಸಮಯ ಸುರಕ್ಷತೆಯ ಅಪ್‌ಡೇಟ್ ಸಿಗುವ ವ್ಯವಸ್ಥೆ) ಸೇರಿಸ್ತೇನೆ, ಬ್ಯಾಂಕಿನ ಕೆಲಸ ಇದರಲ್ಲಿ ಮಾಡ್ಬೇಡಿ, ಮೊಬೈಲಲ್ಲೇ ಮಾಡಿ, ಮುಂದಿನ ಸೀಸನ್ ದುಡ್ಡು ಬಂದ ಮೇಲೆ ಹೊಸತು ನೋಡುವ. ಒಂದು ಎಚ್ಚರಿಕೆಯನ್ನೂ ಕೊಟ್ರು, ಎಸ್‌ಎಸ್‌ಡಿಯಲ್ಲಿ ಡಿಲೀಟ್ ಆದದ್ದು ಹಾರ್ಡ್‌ಡಿಸ್ಕಿನ ಹಾಗೆ ಹುಡುಕಿ ತೆಗೀಲಿಕ್ಕೆ ಹೆಚ್ಚಾಗಿ ಆಗುದೇ ಇಲ್ಲ, ಟ್ರಿಮ್ ಅಂತ ಒಂದು ಉಂಟು, ಅದು ಖಾಲಿ ಆದ ಜಾಗವನ್ನು ತಾನೇ ಗುಡಿಸಿ ಇಡ್ತದೆ. ಹಾಗಾಗಿ ಕಾಪಿ ಬೇಕೇ ಬೇಕು. ಈಗ ಡೆಸ್ಕ್‌ಟಾಪ್ ಮತ್ತೆ ಡಾಕ್ಯುಮೆಂಟ್ಸ್ ಎರಡನ್ನೂ ಪ್ರಾಪರ್ಟೀಸಿಗೆ ಹೋಗಿ ಲೊಕೇಶನ್ ಬದ್ಲಿಸಿ ಡಿ ಡ್ರೈವಿಗೆ ಹಾಕಿಕೊಟ್ಟಿದ್ದಾರೆ, ಹೊರಗಿನ ಡಿಸ್ಕಿಗೆ ಪ್ರತಿ ಶನಿವಾರ ನಾನೇ ಕಾಪಿ ಮಾಡ್ತೇನೆ, ಮಾಡಿ ಆದ ಮೇಲೆ ವಯರ್ ತೆಗ್ದು ಮನೆಗೆ ತಗೊಂಡು ಹೋಗ್ತೇನೆ. ನಮ್ಮ ಕಡೆ ಅಕ್ಟೋಬರಲ್ಲಿ ಸಂಜೆ ಸಿಡಿಲು ಬಡಿಯುದು ಗೊತ್ತುಂಟಲ್ಲ, ಸಿಕ್ಕಿಸಿಯೇ ಇಟ್ರೆ ಎರಡೂ ಒಟ್ಟಿಗೆ ಹೋಗ್ತದೆ. ಇಂಟರ್ನೆಟ್ ಕೇಬಲ್ ಕೂಡ ತೆಗೀಬೇಕು, ಸಿಡಿಲು ಅದರಲ್ಲೂ ಬರ್ತದೆ.

ಮತ್ತೆ ಬೋರ್ಡಿನ ಗುಂಡು ಬ್ಯಾಟರಿ, ಸಿಆರ್2032, ಅದೂ ಬದ್ಲಿಸಿದ್ರು. ಆರು ತಿಂಗಳಿಂದ ನನ್ನ ಮೆಷಿನ್ ಬೆಳಿಗ್ಗೆ ಆನ್ ಮಾಡಿದ್ರೆ ತಾರೀಕು ತಪ್ಪು, ಯಾವ ವೆಬ್‌ಸೈಟಿಗೆ ಹೋದ್ರೂ ಸುರಕ್ಷಿತ ಅಲ್ಲ ಅಂತ ಬರ್ತಿತ್ತು, ನಾನು ಅದನ್ನು ಇಂಟರ್ನೆಟ್ಟಿನ ತೊಂದರೆ ಅಂತಲೇ ತಿಳ್ಕೊಂಡಿದ್ದೆ. ರ‍್ಯಾಮ್ ತೆಗ್ದು ಅದರ ಹಳದಿ ಹಲ್ಲುಗಳನ್ನು ಮಕ್ಕಳ ರಬ್ಬರಲ್ಲಿ ಮೆಲ್ಲ ಉಜ್ಜಿ ಹಾಕಿದ್ಲು ಆ ಹುಡುಗಿ, ಮಳೆಗಾಲದ ಥಂಡಿಗೆ ಅದು ಕಪ್ಪಾಗಿ ಮೆಷಿನ್ ಬೀಪ್ ಹೊಡ್ಕೊಂಡು ಡಿಸ್ಪ್ಲೇ ಬಾರದೆ ಇರುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ ಅಂತೆ.

ಒಟ್ಟು ಬಿಲ್ಲು 6,400, ಎಸ್‌ಎಸ್‌ಡಿ ಸೇರಿ. ಡೇಟಾ ತೆಗ್ದದ್ದಕ್ಕೆ ಬೇರೆ, ಸಾಮಾನಿಗೆ ಬೇರೆ ಅಂತ ಬರ್ದು ಕೊಟ್ರು, ಹಳೆ ಡಿಸ್ಕು ಕೂಡ ಕವರಲ್ಲಿ ಹಾಕಿ ವಾಪಸ್ ಕೊಟ್ರು, ಗಿರಾಕಿಗಳ ಆಧಾರ್ ಕಾಪಿ ಎಲ್ಲ ಇರ್ತದೆ, ಎಲ್ಲೂ ಬಿಸಾಡ್ಬೇಡಿ ಅಂತ ಹೇಳಿ.

ಸರಿ ಇಲ್ಲದ್ದೂ ಬರೀಬೇಕು. ಬೆಳಿಗ್ಗೆ ಹತ್ತೂವರೆಗೆ ಮೊದಲು ಬಾಗಿಲು ತೆಗೆಯುದಿಲ್ಲ. ಫೋನ್ ಮಾಡಿದ್ರೆ ಎತ್ತುದು ಅಪರೂಪ, ಮೆಸೇಜ್ ಹಾಕಿದ್ರೆ ರಾತ್ರಿ ಉತ್ತರ ಬರ್ತದೆ, ಮೂರು ದಿನ ನಾನು ಪಟ್ಟ ಕಷ್ಟ ನನಗೇ ಗೊತ್ತು, ದಿನಕ್ಕೆ ಒಂದು ಸಲ ಎಷ್ಟಾಯ್ತು ಅಂತ ಹೇಳಿದ್ರೆ ಗಿರಾಕಿಗಳಿಗೆ ಒಂದು ಧೈರ್ಯ. ಮನೆಗೆ, ಅಂಗಡಿಗೆ ಬಂದು ನೋಡುದಿಲ್ಲ. ಪಾರ್ಕಿಂಗ್ ಇಲ್ಲವೇ ಇಲ್ಲ, ಮೊಣಕಾಲು ನೋವು ಇದ್ದವರಿಗೆ ಆ ಮೆಟ್ಟಿಲು ಕಷ್ಟ. ಅರ್ಜೆಂಟ್ ಅಂತ ಹೇಳಿದ್ರೂ ಅವಸರ ಮಾಡುವವರಲ್ಲ, ನನ್ನ ಕೆಲಸಕ್ಕೆ ಅದೇ ಒಳ್ಳೇದಾಯ್ತು, ಆದ್ರೆ ಬರೀ ಪ್ರಿಂಟರ್ ಡ್ರೈವರ್ ಹಾಕ್ಲಿಕ್ಕೆ ಇದ್ರೆ ಇಷ್ಟು ದೂರ ಬರುದು ಬೇಡ.

ಹೋಗುವವರು ಮಾನಿಟರ್, ಕೀಬೋರ್ಡ್, ಪವರ್ ಕೇಬಲ್ ಎಂತ ತಗೊಂಡು ಹೋಗ್ಬೇಡಿ, ಸಿಪಿಯು ಒಂದು ಸಾಕು, ರಿಕ್ಷಾದಲ್ಲಿ ಸೀಟಿನ ಮೇಲೆ ಇಟ್ಟು ಕೈಯಲ್ಲಿ ಹಿಡ್ಕೊಳ್ಳಿ, ಕಾಲಡಿಯಲ್ಲಿ ಇಟ್ರೆ ರಸ್ತೆಯ ಗುಂಡಿಯಿಂದ ಡಿಸ್ಕಿಗೆ ಪೆಟ್ಟಾಗ್ತದೆ. ವಿಂಡೋಸ್ ಪಾಸ್‌ವರ್ಡ್ ಗೊತ್ತಿರ್ಲಿ, ವಿಂಡೋಸ್ 11 ಆದ್ರೆ ಬಿಟ್‌ಲಾಕರ್ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಉಂಟಾ ಅಂತ ಮೊಬೈಲಲ್ಲಿ ಮೊದಲೇ ನೋಡ್ಕೊಳ್ಳಿ, ಆ ಕೀ ಇಲ್ಲದಿದ್ರೆ ಡಿಸ್ಕ್ ಹೊರಗೆ ತೆಗ್ದ್ರೂ ಒಳಗಿದ್ದದ್ದು ಯಾರಿಗೂ ಓದ್ಲಿಕ್ಕೆ ಆಗುದಿಲ್ಲ. ಮತ್ತೆ ಯಾವ ಫೈಲು ಹೋದ್ರೆ ಆಗ್ಲಿಕ್ಕಿಲ್ಲ ಅಂತ ಒಂದು ಚೀಟಿಯಲ್ಲಿ ಬರ್ಕೊಂಡೇ ಮೆಟ್ಟಿಲು ಹತ್ತಿ, ಅಣ್ಣ ಹೇಗೂ ಕೇಳ್ತಾರೆ.